ಬಸಲಿಂಗಪ್ಪನವರು ಮಾಡಿಸಿದ ಕೊನೆಯ ಸನ್ಮಾನ

ಅಮೆರಿಕದ ಗೈದರ್ಸ್‌ಬರ್ಗ್‌ನ ಬಸಲಿಂಗಪ್ಪನವರು ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದುದು ಅವರ ಹೆಗಲನ್ನು. ಶಾಲು ಹೊದಿಸಬಹುದಾದ ಹೆಗಲೋ ಅಲ್ಲವೋ ಎಂದು ಒಂದೇ ನೋಟದಲ್ಲಿ ತೀರ್ಮಾನಿಸಿಬಿಡುತ್ತಿದ್ದರು. ಬಹುಮಟ್ಟಿಗೆ ಎಲ್ಲ ಹೆಗಲೂ ಪಾಸಾಗುತ್ತಿದ್ದವು. ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಯಾರದಾದರೂ ಮಗಳು ಸ್ಪೆಲಿಂಗ್ ಸ್ಪರ್ಧೆಯಲ್ಲಿ ಗೆದ್ದರೂ, ಯಾರಾದರೂ ಡಾಕ್ಟರು ಹೊಸ ಕ್ಲಿನಿಕ್ ತೆರೆದರೂ, ಊರಿನಿಂದ ಬಂದಿಳಿದ ಯಾರದೋ ಮಾವ ತಾನು ನಿವೃತ್ತ ಹೆಡ್‌ಮಾಸ್ತರ ಎಂದು ಬಾಯಿಬಿಟ್ಟರೂ ಸಾಕು, ಕನ್ನಡ ಸಂಘದ ಮುಂದಿನ ಹಬ್ಬದ ಕಾರ್ಯಕ್ರಮದಲ್ಲಿ ಅವರಿಗೊಂದು ಸನ್ಮಾನ ಖಾಯಂ. ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ಹೂವಿನ ಹಾರ ದುಬಾರಿ ಎಂದು ಗಂಧದ ಹಾರಗಳನ್ನು ಬೆಂಗಳೂರಿನಿಂದಲೇ ಸೂಟ್‌ಕೇಸ್ ತುಂಬ ತರುತ್ತಿದ್ದರು. ಕಸ್ಟಮ್ಸ್‌ನವರು ಇವೇನು ಎಂದು ಕೇಳಿದರೆ "ಗೌರವ" ಎಂದು ಉತ್ತರಿಸಿ ಅವರನ್ನು ತಬ್ಬಿಬ್ಬು ಮಾಡುತ್ತಿದ್ದರು.

ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದುದು ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ತೂಕದ ಬಟ್ಟುಗಳನ್ನು ಪರೀಕ್ಷಿಸುವ ಕೆಲಸ. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಒಪ್ಪುವವರಲ್ಲ. ವೇದಿಕೆ ಹತ್ತಿ ಮೈಕು ಹಿಡಿದರೆ ಮಾತ್ರ ತೂಕವೂ ಇಲ್ಲ, ಅಳತೆಯೂ ಇಲ್ಲ. ಸ್ಪೆಲಿಂಗ್ ಗೆದ್ದ ಹುಡುಗಿ ಕನ್ನಡಾಂಬೆಯ ಕೀರ್ತಿಪತಾಕೆಯಾಗುತ್ತಿದ್ದಳು. ಹಲ್ಲಿನ ಡಾಕ್ಟರು ಸಾಕ್ಷಾತ್ ಧನ್ವಂತರಿ. ಕೆಳಗೆ ಕೂತವರು ನಗುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು, ಊಟದ ವಾಸನೆ ಬಂದ ಕಡೆ ಕತ್ತು ಹೊರಳಿಸುತ್ತಿದ್ದರು. ಸನ್ಮಾನದ ಭಾಷಣವನ್ನು ಅಕ್ಷರಶಃ ನಂಬುವ ಪೆದ್ದರು ನಮ್ಮಲ್ಲಿ ಯಾರೂ ಇರಲಿಲ್ಲ.

ಅವರನ್ನು ಗೇಲಿ ಮಾಡುವುದು ಸುಲಭ, ನಾವೆಲ್ಲ ಮಾಡಿದ್ದೇವೆ. ಆದರೆ ಆ ಹುಚ್ಚಿನ ಬೇರು ಎಲ್ಲಿತ್ತು ಎಂದು ಅವರ ಹೆಂಡತಿ ಮಲ್ಲಮ್ಮನಿಗೆ ಮಾತ್ರ ಗೊತ್ತಿತ್ತು. ಬಾಗಲಕೋಟೆ ಕಡೆಯ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ ಬಂದ ಮನುಷ್ಯ, ಇಲ್ಲಿ ಕಾಲು ಶತಮಾನ ಒಂದೇ ಕಟ್ಟಡದಲ್ಲಿ ದುಡಿದರು. ಅಷ್ಟು ವರ್ಷದಲ್ಲಿ ಅವರ ಹೆಸರನ್ನು ಪೂರ್ತಿ ಉಚ್ಚರಿಸಿದ ಸಹೋದ್ಯೋಗಿ ಒಬ್ಬನೂ ಇಲ್ಲ. ಎಲ್ಲರಿಗೂ ಅವರು "ಬಾಸ್". ಬಾಸ್ ಆದದ್ದು ಮಾತ್ರ ಎಂದೂ ಇಲ್ಲ. ಪದೋನ್ನತಿ ಬಂದಾಗಲೆಲ್ಲ ಪಕ್ಕದ ಕೋಣೆಗೆ ಹೋಗುತ್ತಿತ್ತು. "ಈ ದೇಶದಾಗ ನಮ್ಮನ್ನ ಯಾರೂ ಕಣ್ಣೆತ್ತಿ ನೋಡಂಗಿಲ್ಲ. ನಾವ ಒಬ್ಬರನ್ನೊಬ್ಬರು ನೋಡ್ಕೋಬೇಕು," ಎಂದು ಮಲ್ಲಮ್ಮನ ಎದುರು ಒಮ್ಮೆ ಅಂದಿದ್ದರು. ಮಲ್ಲಮ್ಮ ಆಮೇಲೆ ಶಾಲುಗಳ ಬಗ್ಗೆ ತಕರಾರು ಎತ್ತಲಿಲ್ಲ.

ಅವರ ಸನ್ಮಾನಗಳಿಗೆ ಎರಡು ಕಟ್ಟಳೆಗಳಿದ್ದವು. ಅಂದಿನ ಊಟದ ಖರ್ಚು ಹೊತ್ತವರ ಕೈಯಿಂದಲೇ ಶಾಲು ಹೊದಿಸಬೇಕು. ಉಂಡವರು ಉಣಿಸಿದವರ ಮುಖ ನೋಡಬೇಕಲ್ಲ ಎಂಬುದು ಅವರ ವಾದ. ಇನ್ನೊಂದು, ಮರುದಿನವೇ ತಮ್ಮ ಭಾಷಣವನ್ನು ಇಂಗ್ಲಿಷಿಗೆ ಇಳಿಸಿ ಟೈಪು ಮಾಡಿ, ಒಂದು ಫೋಟೊ ಜತೆಗಿಟ್ಟು, ಭಾರತೀಯರಿಗಾಗಿ ಹೊರಡುತ್ತಿದ್ದ ಇಂಗ್ಲಿಷ್ ವಾರಪತ್ರಿಕೆಗೆ ಅಂಚೆಗೆ ಹಾಕುವುದು. ಪತ್ರಿಕೆಯವರಿಗೆ ಪುಟ ತುಂಬುವುದು ಬೇಕು. ಸುದ್ದಿ ಇದ್ದಂತೆ ಅಚ್ಚಾಗುತ್ತಿತ್ತು.

ಇನ್ನು ಪ್ರತಿಭಾಳ ವಿಷಯ. ಅವಳು ಬಸಲಿಂಗಪ್ಪನವರ ಹುಬ್ಬಳ್ಳಿ ಕಾಲೇಜಿನ ಗೆಳೆಯ ಬಸವಂತಪ್ಪನ ಮಗಳು. ಮದುವೆಯಾಗಿ ಈ ದೇಶಕ್ಕೆ ಬಂದಳು. ಮದುವೆ ಬೇಗನೆ ಮುರಿಯಿತು. ಊರಿಗೆ ಮರಳಲು ಮನಸ್ಸಾಗದೆ ಗ್ರಂಥಾಲಯವೊಂದರಲ್ಲಿ ಹಗಲು ಕೆಲಸ ಮಾಡುತ್ತ, ಸಂಜೆ ಕಾಲೇಜಿನಲ್ಲಿ ಕಾನೂನು ಓದಿದಳು. ವಕೀಲಿ ಪರೀಕ್ಷೆ ಪಾಸಾದ ವರ್ಷವೇ ಬಸವಂತಪ್ಪ ತೀರಿಕೊಂಡ. ಅಲ್ಲಿಂದ ಮುಂದೆ ಅವಳಿಗೆ ಕಷ್ಟಸುಖಕ್ಕೆ ಆಗುತ್ತಿದ್ದವರು ಬಸಲಿಂಗಪ್ಪನವರೇ. ಅವಳು ಅವರನ್ನು ಕಾಕಾ ಎನ್ನುತ್ತಿದ್ದಳು, ಮಲ್ಲಮ್ಮನನ್ನು ಕಾಕು ಎನ್ನುತ್ತಿದ್ದಳು. ಹಬ್ಬಕ್ಕೆ ಹೋಳಿಗೆ ಅವರ ಮನೆಯಲ್ಲೇ ಉಣ್ಣುತ್ತಿದ್ದಳು.

ಅವಳು ಹಿಡಿದ ಕೆಲಸ ನಮ್ಮವರಿಗೆ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ. ತಮ್ಮ ದೇಶದಲ್ಲಿ ಜೀವ ಉಳಿಯದು ಎಂದು ಓಡಿಬಂದು ಇಲ್ಲಿ ಆಶ್ರಯ ಕೇಳುವವರ ಪರ ವಾದಿಸುವುದು ಅವಳ ವೃತ್ತಿ. ಎಲ್ ಸಾಲ್ವಡೋರಿನವರು, ಸೊಮಾಲಿಯಾದವರು, ಜಾಫ್ನಾದ ತಮಿಳರು. ಫೀಸು ಕೊಡಲು ಯಾರ ಬಳಿಯೂ ಏನೂ ಇರುತ್ತಿರಲಿಲ್ಲ. ವಾಷಿಂಗ್ಟನ್ನಿನಲ್ಲಿ ಒಂದು ಚರ್ಚಿನ ಹಿಂಭಾಗದಲ್ಲಿ ಅವಳ ಆಫೀಸು. "ಅಷ್ಟು ಓದಿ ಇದೇನಮ್ಮ, ನಮ್ಮವರ ವೀಸಾ ಕೆಲಸ ಮಾಡಿದ್ರೆ ಮನೆ ಕಟ್ಟಿಸಬಹುದಿತ್ತಲ್ಲ," ಎಂದು ಸಂಘದ ಹೆಂಗಸರು ಮುಖಕ್ಕೇ ಹೇಳುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಬಸಲಿಂಗಪ್ಪನವರಿಗೆ ಶಾಲು ಹೊದಿಸಲು ಸಿಗದೆ ಉಳಿದ ಹೆಗಲು ಅದೊಂದೇ. ಏನೆಂದು ಹೊದಿಸುವುದು? ಅವಳು ಗೆದ್ದ ಕೇಸುಗಳ ಸುದ್ದಿ ಯಾರಿಗೂ ಬೇಕಿರಲಿಲ್ಲ, ಸೋತವುಗಳ ಸುದ್ದಿಯನ್ನು ಅವಳೇ ಹೇಳುತ್ತಿರಲಿಲ್ಲ.

ತೊಂಬತ್ತೇಳರ ಚಳಿಗಾಲದ ಕೊನೆಯಲ್ಲಿ ಅವಳ ಹೆಸರು ಎದ್ದಿತು. ಆಶ್ರಯದ ಅರ್ಜಿಗಳನ್ನು ಕೆಳಗಿನ ನ್ಯಾಯಾಧೀಶರು ತಳ್ಳಿಹಾಕಿದರೆ ಕೊನೆಯದಾಗಿ ನೋಡುವ ಒಂದು ಮೇಲ್ಮನವಿ ಮಂಡಳಿ ಇತ್ತು. ಅದರ ಸದಸ್ಯರನ್ನು ಆರಿಸುವುದು ಸರ್ಕಾರದ ಇಲಾಖೆ. ಅಲ್ಲಿ ಹೆಚ್ಚಾಗಿ ಕೂರುತ್ತಿದ್ದವರು ಅರ್ಜಿದಾರರ ವಿರುದ್ಧ ಸರ್ಕಾರದ ಪರವಾಗಿ ವಾದಿಸಿ ತಲೆ ಹಣ್ಣಾಗಿಸಿಕೊಂಡವರು. ಈ ಸಲ ಇಲಾಖೆಗೆ ಅದೇನು ಒಳ್ಳೆಯ ಬುದ್ಧಿ ಬಂತೋ, ಎದುರು ಕಡೆಯಿಂದಲೂ ಒಬ್ಬರಿರಲಿ ಎಂದು ಪ್ರತಿಭಾಳ ಹೆಸರನ್ನು ಪ್ರಕಟಿಸಿತು. ಆದರೆ ಪ್ರಮಾಣವಚನಕ್ಕೆ ಮೊದಲೇ ಒಂದು ಗಂಟು ಬಿತ್ತು. ಮಂಡಳಿಗೆ ಬೇಕಾದವರನ್ನು, ಗೆಳೆಯರನ್ನು ತುಂಬುತ್ತಿದ್ದಾರೆ ಎಂಬ ದೂರು ಬಹಳ ದಿನಗಳಿಂದ ಇತ್ತು. ಸಂಸತ್ತಿನ ಉಪಸಮಿತಿಯೊಂದು, ಈ ನೇಮಕಗಳು ಹೇಗೆ ನಡೆಯುತ್ತಿವೆ ತೋರಿಸಿ ಎಂದು ಇಲಾಖೆಯನ್ನೂ ಹೊಸದಾಗಿ ಆಯ್ಕೆಯಾದವರನ್ನೂ ವಿಚಾರಣೆಗೆ ಕರೆಯಿತು. ಹೆಸರು ತೆಗೆದುಹಾಕುವ ಅಧಿಕಾರ ಸಮಿತಿಗೆ ಇರಲಿಲ್ಲ. ಪ್ರಶ್ನೆ ಕೇಳುವ ಅಧಿಕಾರವಿತ್ತು, ಇಲಾಖೆಯವರು ಹೆದರುವುದಕ್ಕೆ ಅಷ್ಟು ಸಾಕು.

ಸುದ್ದಿ ಕೇಳಿದ ಬಸಲಿಂಗಪ್ಪನವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತೇ ಫೋನು ಮಾಡಿ ಯುಗಾದಿ ಕಾರ್ಯಕ್ರಮದಲ್ಲಿ ಸನ್ಮಾನ ಎಂದರು.

"ಈಗ ಬ್ಯಾಡ ಕಾಕಾ," ಅಂದಳು ಪ್ರತಿಭಾ. "ಇನ್ನಾ ಪ್ರಮಾಣ ಆಗಿಲ್ಲ. ಕಮಿಟಿಯವರು ಹಿಯರಿಂಗ್ ಇಟ್ಟಾರ. ಅದೊಂದು ಮುಗೀಲಿ, ಆಮ್ಯಾಲೆ ನಿಮಗ ಬೇಕಾದಂಗ ಮಾಡ್ರಿ."

"ಸಣ್ಣದಾಗಿ ಮಾಡೂಣವ್ವ. ಮನಿ ಮಂದಿ ಅಷ್ಟ. ನಿಮ್ಮಪ್ಪ ಇದ್ದಿದ್ರ ಇವತ್ತ ಓಣಿ ತುಂಬ ಪೇಡೆ ಹಂಚ್ತಿದ್ದ."

"ಆತ್ರಿ ಕಾಕಾ," ಎಂದಳು ಪ್ರತಿಭಾ.

ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಮಲ್ಲಮ್ಮ, "ಏನ್ರೀ, ಆಕಿ ಬ್ಯಾಡ ಅಂದ್ಲಲ್ಲ. ಮತ್ಯಾಕ ಗಂಟು ಬೀಳ್ತೀರಿ?" ಎಂದರು. "ನಿನಗ ತಿಳಿಯಂಗಿಲ್ಲ ಬಿಡು," ಎಂದು ಬಸಲಿಂಗಪ್ಪನವರು ಮುಂದಿನ ನಂಬರು ತಿರುಗಿಸತೊಡಗಿದರು. ತಿಳಿಯದೆ ಇದ್ದುದು ಯಾರಿಗೆ ಎಂಬುದು ಆಮೇಲೆ ತಿಳಿಯಿತು.

ಮನೆ ಮಂದಿ ಎಂದದ್ದು ಹೈಸ್ಕೂಲಿನ ಆಡಿಟೋರಿಯಂ ತುಂಬುವಷ್ಟು ಜನವಾಯಿತು. ಊಟದ ಖರ್ಚು ಹೊತ್ತವರು ತ್ಯಾಗರಾಜ, ಬೆಂಗಳೂರಿನ ಹಲಸೂರಿನವರು. ಮೇರಿಲ್ಯಾಂಡಿನಲ್ಲಿ ಅವರದೊಂದು ದೋಸೆ ಹೋಟೆಲು. ಕಟ್ಟಳೆಯಂತೆ ಅವರೇ ವೇದಿಕೆ ಹತ್ತಿ ಪ್ರತಿಭಾಳಿಗೆ ಶಾಲು ಹೊದಿಸಿದರು. ಬಸಲಿಂಗಪ್ಪನವರು ಸಂಘದ ವತಿಯಿಂದ ಒಂದು ಬೆಳ್ಳಿ ತಟ್ಟೆಯನ್ನೂ ಕೊಡಿಸಿದರು. ಪ್ರತಿಭಾ ತಲೆ ತಗ್ಗಿಸಿ ನಿಂತಿದ್ದಳು. ಪೇಟ ಕಣ್ಣಿನ ಮೇಲೆ ಜಾರುತ್ತಿತ್ತು, ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದಳು. ಬಸಲಿಂಗಪ್ಪನವರು ಮೈಕು ಹಿಡಿದು ಎಂದಿನಂತೆ ಹಾರಿದರು. "ಇನ್ನ ಮ್ಯಾಲೆ ಈ ದೇಶಕ್ಕ ಆಶ್ರಯ ಕೇಳ್ಕೊಂಡು ಬರೋ ನಮ್ಮ ಮಂದಿ ಯಾರೂ ಹೆದರಬೇಕಾಗಿಲ್ಲ. ಯಾಕಂದ್ರ ಒಳಗ ಕುರ್ಚಿ ಮ್ಯಾಲೆ ಕುಂತಾಕಿ ನಮ್ಮ ಮನಿ ಮಗಳು." ಚಪ್ಪಾಳೆ ಬಿತ್ತು. ಅಲ್ಲಿ ಕೂತಿದ್ದವರಲ್ಲಿ ಆಶ್ರಯ ಕೇಳಿಕೊಂಡು ಬಂದವರು ಒಬ್ಬರೂ ಇರಲಿಲ್ಲ. ಎಲ್ಲರೂ ಕಂಪನಿಯ ವೀಸಾದ ಮೇಲೆ ವಿಮಾನ ಹತ್ತಿ ಬಂದವರೇ. ಮಾತು ಚೆನ್ನಾಗಿತ್ತು ಎಂದು ತಟ್ಟಿದರು, ತಟ್ಟಿ ಬಿಸಿಬೇಳೆಭಾತಿನ ಸಾಲಿಗೆ ಹೋದರು.

ಮರುದಿನ ಬಸಲಿಂಗಪ್ಪನವರು ಟೈಪು ಮಾಡಿದರು. ಫೋಟೊ ಆರಿಸುವಾಗ ಎಲ್ಲರೂ ಕಾಣುವಂಥದ್ದನ್ನೇ ಆರಿಸಿದರು. ವಾರಪತ್ರಿಕೆ ಅದನ್ನು ಮೂರನೆಯ ಪುಟದಲ್ಲಿ ಹಾಕಿತು.

ವಿಚಾರಣೆ ಜೂನಿನಲ್ಲಿ. ಸಾರ್ವಜನಿಕರೂ ಕೂತು ನೋಡಬಹುದು ಎಂದು ತಿಳಿದ ಬಸಲಿಂಗಪ್ಪನವರು ರಜೆ ಹಾಕಿ, ಸೂಟು ತೊಟ್ಟು, ಶೇಡಿ ಗ್ರೋವ್‌ನಲ್ಲಿ ಮೆಟ್ರೋ ಹತ್ತಿದರು. ಪ್ರತಿಭಾಳಿಗೆ ಹೇಳಿರಲಿಲ್ಲ, ಮುಗಿದ ಮೇಲೆ ಎದುರು ನಿಂತು ಖುಷಿಪಡಿಸೋಣ ಎಂದುಕೊಂಡಿದ್ದರು. ಆ ಎತ್ತರದ ಚಾವಣಿಯ ಕೋಣೆಯಲ್ಲಿ ಸದಸ್ಯರು ಮೇಲೆ ಕೂರುತ್ತಾರೆ, ಉತ್ತರ ಹೇಳುವವರು ಕೆಳಗಿನ ಉದ್ದನೆಯ ಮೇಜಿನ ಮುಂದೆ. ಬಸಲಿಂಗಪ್ಪನವರಿಗೆ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಪ್ರತಿಭಾಳ ಬೆನ್ನು ಕಾಣುತ್ತಿತ್ತು. ಇಲಾಖೆಯ ಅಧಿಕಾರಿಯನ್ನು ಸದಸ್ಯರು ಮೊದಲು ಹಿಂಡಿದರು. ಹುದ್ದೆಗೆ ಜಾಹೀರಾತು ಕೊಟ್ಟಿದ್ದೀರಾ? ಎಷ್ಟು ಜನರನ್ನು ಸಂದರ್ಶಿಸಿದಿರಿ? ಹಿಂದಿನ ಸಲ ನಿಮ್ಮದೇ ಕಚೇರಿಯವರು ಇಬ್ಬರು ಹೇಗೆ ಬಂದರು? ನ್ಯಾಯವಾದ ಪ್ರಶ್ನೆಗಳು. ಯಾರದೋ ಜೀವ ಉಳಿಸುವ ಅಥವಾ ಕಳೆಯುವ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತೀರಿ ಎಂದು ಯಾರಾದರೂ ಕೇಳಲೇಬೇಕು. ಬಸಲಿಂಗಪ್ಪನವರು ತಲೆದೂಗುತ್ತಲೇ ಇದ್ದರು.

ಆಮೇಲೆ ಒಬ್ಬ ಸದಸ್ಯ ಪ್ರತಿಭಾಳ ಕಡೆ ತಿರುಗಿದ. ಅವನ ಸಹಾಯಕಿ ದೊಡ್ಡದೊಂದು ರಟ್ಟನ್ನು ತಂದು ಸ್ಟ್ಯಾಂಡಿನ ಮೇಲೆ ಇಟ್ಟಳು. ಫೋಟೊವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿದ್ದರು. ಪೇಟ ತೊಟ್ಟ ಪ್ರತಿಭಾ, ಶಾಲು ಹಿಡಿದ ತ್ಯಾಗರಾಜ, ಪಕ್ಕದಲ್ಲಿ ಮೈಕು ಹಿಡಿದು ಬಾಯಿ ಅಗಲ ತೆರೆದ ತಾವೇ. ಮೊದಲ ಗಳಿಗೆಯಲ್ಲಿ, ನಾಚಿಕೆಗೇಡಿನ ಮಾತು, ಬಸಲಿಂಗಪ್ಪನವರಿಗೆ ಒಂದು ಚೂರು ಹೆಮ್ಮೆಯಾಯಿತು. ಅಮೆರಿಕದ ಸಂಸತ್ತಿನಲ್ಲಿ ನಮ್ಮ ಯುಗಾದಿ.

ಸದಸ್ಯ ವಾರಪತ್ರಿಕೆಯ ವರದಿಯನ್ನು ನಿಧಾನವಾಗಿ, ಕನ್ನಡಕ ಸರಿಪಡಿಸಿಕೊಂಡು ಓದಿದ. ಆಶ್ರಯ ಕೇಳಿ ಬರುವ ನಮ್ಮ ಜನ ಇನ್ನು ಹೆದರಬೇಕಾಗಿಲ್ಲ. ಒಳಗೆ ಕುರ್ಚಿಯ ಮೇಲೆ ಕೂತವಳು ನಮ್ಮ ಮನೆಮಗಳು. ಇಂಗ್ಲಿಷಿನಲ್ಲಿ, ಆ ಕೋಣೆಯಲ್ಲಿ, ಆ ಮಾತಿಗೆ ಬೇರೆ ಯಾವ ಅರ್ಥವೂ ಉಳಿದಿರಲಿಲ್ಲ.

"ಈ ಮಾತು ಹೇಳುವಾಗ ನೀವು ವೇದಿಕೆಯ ಮೇಲೆ ಇದ್ದಿರಿ, ಹೌದೇ?"

"ಇದ್ದೆ."

"ಅಲ್ಲಗಳೆದಿರಾ?"

"ಇಲ್ಲ. ಅಂಥ ಭಾಷಣದಲ್ಲಿ ಆಡುವ ಮಾತನ್ನು ನಮ್ಮಲ್ಲಿ ಯಾರೂ ಹಾಗೆ ತೆಗೆದುಕೊಳ್ಳುವುದಿಲ್ಲ."

"ನಿಮಗೆ ಬಟ್ಟೆ ಹೊದಿಸುತ್ತಿರುವ ಈ ಮಹನೀಯರು ಯಾರು?"

"ಅಂದಿನ ಊಟ ಅವರದು. ಊಟ ಕೊಟ್ಟವರ ಕೈಯಿಂದ ಶಾಲು ಹೊದಿಸುವುದು ಆ ಸಂಘದ ಪದ್ಧತಿ."

"ಊಟ ಅವರದು, ಬೆಳ್ಳಿ ತಟ್ಟೆ ಸಂಘದ್ದು. ಅವರ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ಇಬ್ಬರ ಆಶ್ರಯದ ಮೇಲ್ಮನವಿ ನೀವು ಸೇರಲಿರುವ ಮಂಡಳಿಯ ಮುಂದೆ ಇರುವುದು ನಿಮಗೆ ಗೊತ್ತೇ?"

ಪ್ರತಿಭಾಳಿಗೆ ಗೊತ್ತಿರಲಿಲ್ಲ. ಅವರ ಕೇಸು ಬೇರೆ ವಕೀಲರದು. ಗೊತ್ತಿಲ್ಲ ಎಂದು ಹೇಳಿದಳು. ಆದರೆ ಹಿಂದಿನ ಸಾಲಿನಲ್ಲಿ ಕೂತಿದ್ದ ಬಸಲಿಂಗಪ್ಪನವರಿಗೆ ಗೊತ್ತಿತ್ತು. ತ್ಯಾಗರಾಜರ ಅಡುಗೆಮನೆಯ ಜಾಫ್ನಾದ ಅಣ್ಣತಮ್ಮಂದಿರು ಅವರಿಗೆ ಎಷ್ಟೋ ಸಲ ಬಿಸಿ ದೋಸೆ ಹಾಕಿಕೊಟ್ಟಿದ್ದರು, ಕೋರ್ಟಿನ ಅಲೆದಾಟದ ಕತೆ ಹೇಳಿದ್ದರು. ಆ ಕತೆಗೂ ಈ ಶಾಲಿಗೂ ಸಂಬಂಧವಿದೆ ಎಂದು ಅವರ ತಲೆಗೆ ಹೊಳೆದಿರಲೇ ಇಲ್ಲ. ಊಟ ಊಟ, ಕೇಸು ಕೇಸು.

ಪ್ರತಿಭಾ ಪದ್ಧತಿಯನ್ನು ವಿವರಿಸಲು ಹೊರಟಳು. ವಿವರಿಸಿದಷ್ಟೂ ಕೆಟ್ಟಿತು. ಉಣಿಸಿದವರಿಗೆ ಗೌರವ ಎಂದರೆ ಉಣಿಸಿದವರ ಋಣ ಎಂದು ಕೇಳಿಸಿತು, ಮನೆಮಗಳು ಎಂಬುದು ಪ್ರೀತಿಗೆ ಅನ್ನುವ ಮಾತು ಎಂದರೆ ಒಳಗಿದ್ದು ಕೆಲಸ ಮಾಡಿಕೊಡುವವಳು ಎಂದು ಕೇಳಿಸಿತು. ಹಿಂದಿನ ವರ್ಷದ ಚುನಾವಣೆಯ ಹೊತ್ತಿಗೆ ಏಷ್ಯಾದವರು ಪಕ್ಷಕ್ಕೆ ಕೊಟ್ಟ ದೇಣಿಗೆಗಳ ಬಗ್ಗೆ ಎದ್ದ ಗದ್ದಲ ಇನ್ನೂ ಆರಿರಲಿಲ್ಲ. ನಮ್ಮಂಥ ಹೆಸರಿನವರ ಕೈಯಲ್ಲಿ ಉಡುಗೊರೆಯ ಪೊಟ್ಟಣ ಕಂಡರೆ ಜನ ಹುಬ್ಬೇರಿಸುತ್ತಿದ್ದ ಕಾಲ ಅದು. ಪ್ರತಿಭಾಳ ಬೆನ್ನು ನೆಟ್ಟಗೇ ಇತ್ತು, ದನಿ ಮಾತ್ರ ಸಣ್ಣದಾಗುತ್ತ ಹೋಯಿತು. ಅವಳು ಎಷ್ಟು ವರ್ಷ ಯಾರ ಪರ ದುಡಿದಳು, ಎಂಥ ಕೇಸುಗಳನ್ನು ನಡೆಸಿದಳು ಎಂದು ಆ ಸದಸ್ಯನೂ ಕೇಳಲಿಲ್ಲ, ಉಳಿದವರೂ ಕೇಳಲಿಲ್ಲ.

ಎದ್ದು ನಿಂತು, ತಪ್ಪು ನನ್ನದು, ಬಾಯಿಬಡುಕ ನಾನು, ಆಕೆಯನ್ನು ಬಿಟ್ಟುಬಿಡಿ ಎನ್ನಬೇಕು ಎಂದು ಬಸಲಿಂಗಪ್ಪನವರ ಜೀವ ಒದ್ದಾಡಿತು. ಬಾಗಿಲ ಬಳಿ ಪೊಲೀಸು ನಿಂತಿದ್ದ. ನೂರಾರು ಜನರೆದುರು ಮೈಕು ಹಿಡಿದು ಮಾತಾಡಿದ ಮನುಷ್ಯ, ಮಾತಾಡಲೇಬೇಕಿದ್ದ ಒಂದು ದಿನ ಕೂತಲ್ಲೇ ಉಳಿದರು. ರಟ್ಟಿನ ಮೇಲಿನ ತಮ್ಮ ಮುಖವನ್ನು ಯಾರಾದರೂ ಗುರುತಿಸಿಯಾರೆಂದು ಕೈಯನ್ನು ಹಣೆಗೆ ಅಡ್ಡ ಹಿಡಿದುಕೊಂಡಿದ್ದರು. ಇದನ್ನು ಅವರೇ ಆಮೇಲೆ ಮಲ್ಲಮ್ಮನಿಗೆ ಹೇಳಿದ್ದು.

ಹೊರಗೆ ಕಾರಿಡಾರಿನಲ್ಲಿ ಪ್ರತಿಭಾ ಅವರನ್ನು ಕಂಡಳು. ಹತ್ತಿರ ಬಂದು, "ಕಾಕಾ, ಯಾವಾಗ ಬಂದ್ರಿ? ಊಟ ಆತೇನು?" ಎಂದು ಕೇಳಿದಳು. ಅವರು ಇಲ್ಲವೆಂಬಂತೆ ತಲೆಯಾಡಿಸಿದರು. "ಇಲ್ಲೆ ಕೆಳಗ ಕೆಫೆಟೇರಿಯಾ ಐತಿ. ಏನರ ತಿಂದು ಹೋಗ್ರಿ," ಎಂದವಳೇ ಇಲಾಖೆಯವರ ಜತೆ ನಡೆದುಹೋದಳು. ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

ಅವರು ಸುಮ್ಮನೆ ಕೂರಲಿಲ್ಲ. ಸಮಿತಿಯ ಕಚೇರಿಗೆ ಫೋನು ಮಾಡಿ, ಆ ಭಾಷಣ ತನ್ನದು, ಬಂದು ವಿವರಿಸುತ್ತೇನೆ ಎಂದರು. ಅಲ್ಲಿನ ಹುಡುಗಿ ಬಹಳ ಮರ್ಯಾದೆಯಿಂದ, ವಿಚಾರಣೆ ಮುಗಿದಿದೆ ಸರ್, ನಿಮ್ಮ ಆಸಕ್ತಿಗೆ ಧನ್ಯವಾದ ಎಂದಳು. ವಾರಪತ್ರಿಕೆಗೆ ಸ್ಪಷ್ಟನೆ ಬರೆದರು; ಅವರು ಅದನ್ನು ಅಚ್ಚುಹಾಕಿದರು, ಮೇಲೆ ಮತ್ತದೇ ಫೋಟೊ ಹಾಕಿ.

ಜುಲೈನಲ್ಲಿ ಇಲಾಖೆ ಪ್ರತಿಭಾಳ ಹೆಸರನ್ನು ಹಿಂತೆಗೆದುಕೊಂಡಿತು. ಎರಡು ಸಾಲಿನ ಪ್ರಕಟಣೆ. ಆ ಜಾಗಕ್ಕೆ ಬಂದವರು ಮತ್ತೆ ಸರ್ಕಾರದ ಪರ ವಾದಿಸಿಕೊಂಡಿದ್ದ ಒಬ್ಬ ಹಳೆಯ ವಕೀಲರು. ಅವರಿಗೆ ಯಾರೂ ಶಾಲು ಹೊದಿಸಿರಲಿಲ್ಲ. ಗೆಳೆಯರು ಸೇರಿ ಗಾಲ್ಫ್ ಆಡಿಸಿ ಊಟ ಹಾಕಿಸಿದ್ದರೋ ಏನೋ, ಅದರ ಫೋಟೊವನ್ನು ಪತ್ರಿಕೆಗೆ ಕಳಿಸುವಷ್ಟು ಮುಗ್ಧರು ಅವರ ಬಳಗದಲ್ಲಿ ಇರಲಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಬೇಸಿಗೆ ಮುಗಿಯುವ ಹೊತ್ತಿಗೆ ಬಸಲಿಂಗಪ್ಪನವರು ತ್ಯಾಗರಾಜರ ಹೋಟೆಲಿಗೆ ಹೋದರು. ದೋಸೆ ಹಾಕುತ್ತಿದ್ದವನು ಹೊಸಬ. ಅಣ್ಣತಮ್ಮಂದಿರ ಮೇಲ್ಮನವಿ ಬಿದ್ದುಹೋಗಿತ್ತು. ಊರಿನಲ್ಲಿ ಅವರ ಅಪ್ಪನನ್ನು ಕೊಂದಿದ್ದರು, ಮೈಮೇಲೆ ಸುಟ್ಟ ಗುರುತುಗಳಿದ್ದವು, ಗೆಲ್ಲುವ ಕೇಸು ಎಂದೇ ಎಲ್ಲರೂ ಅಂದುಕೊಂಡಿದ್ದರು. ಫೋಟೊದ ಗಲಾಟೆಯಿಂದಲೇ ಬಿತ್ತೆಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು. ಅಂಥದನ್ನು ಯಾರೂ ಬರೆದು ಕೊಡುವುದಿಲ್ಲ.

"ಕೆನಡಾ ಕಡೆ ಹೋದ್ರು ಅಂತಾರೆ ಸಾರ್. ಗಡಿ ದಾಟಿದ್ರೋ ಸಿಕ್ಕಾಕೊಂಡ್ರೋ, ಫೋನ್ ಇಲ್ಲ," ಎಂದರು ತ್ಯಾಗರಾಜ. ಕ್ಯಾಷ್ ಕೌಂಟರ್ ಒರೆಸುತ್ತಲೇ ಹೇಳಿದರು. "ನಿಮ್ಮ ಮೇಲೆ ನಂಗೇನೂ ಬೇಜಾರಿಲ್ಲ. ಆದ್ರೆ ಇನ್ಮೇಲೆ ಸಂಘದ ಊಟ ಅಂತ ನನ್ನ ಹತ್ರ ಬರಬೇಡಿ."

ಪ್ರತಿಭಾ ಮನೆಗೆ ಬಂದದ್ದು ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ. ಗಣಪತಿ ಹಬ್ಬಕ್ಕೂ ಬಂದಿರಲಿಲ್ಲ, ದಸರೆಗೂ ಬಂದಿರಲಿಲ್ಲ. ಮಲ್ಲಮ್ಮ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ ಬಡಿಸಿದರು. ಬಸಲಿಂಗಪ್ಪನವರು ಎದುರು ಕೂತರು. ತಟ್ಟೆಯ ಮೇಲೆ ಕೈಯಿತ್ತು, ರೊಟ್ಟಿ ಮುರಿಯಲಿಲ್ಲ.

"ಅವ್ವಾ, ನನ್ನಿಂದ ಆತು," ಎಂದರು. ನಾಲ್ಕು ತಿಂಗಳಿನಿಂದ ಹೇಳಲು ಬಾಯಿಪಾಠ ಮಾಡಿಕೊಂಡಿದ್ದ ಉಳಿದ ಮಾತುಗಳು ಬರಲಿಲ್ಲ.

"ನಾ ವಕೀಲಿ ಮಾಡಾಕಿ ಕಾಕಾ. ಹಿಯರಿಂಗ್ ಮುಂದಿಟ್ಕೊಂಡು ಹಂಗ ಸ್ಟೇಜ್ ಹತ್ತಬಾರದು ಅಂತ ನಿಮಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ಬ್ಯಾಡ ಅಂದ್ರ ಬ್ಯಾಡ ಅಂತ ಫೋನ್ ಇಡಬಹುದಿತ್ತು," ಎಂದಳು ಪ್ರತಿಭಾ. ಆಮೇಲೆ ತಟ್ಟೆ ನೋಡುತ್ತ, "ನೀವು ಅಪ್ಪನ ಹೆಸರು ತೆಗೆದ್ರಿ. ಇಷ್ಟು ವರ್ಷ ಇಲ್ಲಿ ನನಗ ಯಾರೂ ಒಂದು ಚಪ್ಪಾಳಿ ಹೊಡದಿರಲಿಲ್ಲ ಕಾಕಾ. ನನಗೂ ಬೇಕನಿಸ್ತು. ಒಂದ ಸಲ," ಎಂದಳು.

ಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಬಸಲಿಂಗಪ್ಪನವರಿಗೆ ಅದರಿಂದ ಸಮಾಧಾನವಾಗಲಿಲ್ಲ. ತಾನೊಬ್ಬನೇ ಕೆಡಿಸಿದೆ ಎಂದುಕೊಂಡಿದ್ದಾಗ ಕಡೇಪಕ್ಷ ಆ ತಪ್ಪಿನಲ್ಲಿ ಅವಳ ಪಾಲೇನೂ ಇರಲಿಲ್ಲ. ಈಗ ಅವಳು ತನ್ನ ಜೀವನದಲ್ಲಿ ಆಸೆಪಟ್ಟ ಒಂದೇ ಒಂದು ಚಪ್ಪಾಳೆಯೇ ಅವಳಿಗೆ ಮುಳುವಾಯಿತು ಎಂದು ತಿಳಿದಂತಾಯಿತು.

ಅವಳು ಬಂದದ್ದು ಇದನ್ನು ಹೇಳಲಲ್ಲ. ಊರು ಬಿಡುತ್ತಿದ್ದಳು. ಹಳೆಯ ಆಫೀಸಿಗೆ ಮರಳಿ ಕೇಸು ಹಿಡಿದರೆ, ಎದುರು ವಕೀಲರು ಬಾಯಿ ಬಿಟ್ಟು ಏನೂ ಹೇಳದಿದ್ದರೂ ಎಲ್ಲರಿಗೂ ಆ ಪೇಟ ತೊಟ್ಟ ಮುಖದ ನೆನಪಿರುತ್ತಿತ್ತು. ಒಬ್ಬ ನ್ಯಾಯಾಧೀಶರಂತೂ ಅವಳು ಸಲ್ಲಿಸಿದ ಸಾಕ್ಷಿಗಳ ಪಟ್ಟಿ ನೋಡಿ, ಇವರಲ್ಲಿ ನಿಮ್ಮ ಬಂಧುಗಳು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದರು. ಸಾಕ್ಷಿಗಳು ಸೊಮಾಲಿಯಾದವರು. "ಫೈಲ್ ಮ್ಯಾಲೆ ನನ್ನ ಹೆಸರಿದ್ರ ಫೈಲಿಗೇ ಕೆಟ್ಟದ್ದು ಕಾಕಾ. ಅವರಿಗೆ ಇರೋದು ಒಂದ ಚಾನ್ಸ್. ನಾ ಅದನ್ನ ಹಾಳು ಮಾಡಬಾರದು," ಎಂದಳು. ಅಟ್ಲಾಂಟಾ ಹತ್ತಿರದ ಡುಲುತ್‌ನಲ್ಲಿ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ವೀಸಾ ಅರ್ಜಿ ತುಂಬುವ ಕೆಲಸ ಸಿಕ್ಕಿತ್ತು. ಒಳ್ಳೆಯ ಸಂಬಳ. ಮನೆ ಕಟ್ಟಿಸಬಹುದು. ತನ್ನ ಕೇಸುಗಳನ್ನೆಲ್ಲ ಆಫೀಸಿಗೆ ಹೊಸದಾಗಿ ಸೇರಿದ ಒಬ್ಬ ತರುಣ ವಕೀಲನಿಗೆ ಒಪ್ಪಿಸಿದ್ದಳು. "ಚಲೋ ಹುಡುಗ. ಕಲೀತಾನ," ಎಂದಳು. ಕಲಿಯುವಷ್ಟು ಹೊತ್ತು ಆ ಫೈಲುಗಳಲ್ಲಿದ್ದವರಿಗೆ ಇತ್ತೇ ಎಂದು ಯಾರೂ ಕೇಳಲಿಲ್ಲ.

ನವೆಂಬರಿನಲ್ಲಿ ಅವಳು ಹೊರಟ ದಿನ ಗಂಡಹೆಂಡತಿ ಇಬ್ಬರೂ ಅವಳ ಅಪಾರ್ಟ್‌ಮೆಂಟಿಗೆ ಹೋದರು. ಬಾಡಿಗೆ ಟ್ರಕ್ಕಿಗೆ ಸಾಮಾನು ಹೇರುವುದಿತ್ತು. ಬಸಲಿಂಗಪ್ಪನವರು ಪುಸ್ತಕದ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಇಳಿಸಿದರು. ಪ್ರತಿಭಾ ಭಾರ ಎಂದು ತಡೆದರೂ ಬಿಡಲಿಲ್ಲ. ಮಲ್ಲಮ್ಮ ದಾರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಕೆರೊಲಿನಾ ದಾಟುವಾಗ ಎಲ್ಲಾದರೂ ನಿಲ್ಲಿಸಿ ತಿನ್ನು ಎಂದು ಹೇಳಿದರು. ಚಳಿ ಗಾಳಿ ಬೀಸುತ್ತಿತ್ತು, ಪಾರ್ಕಿಂಗ್ ಜಾಗದ ತುಂಬ ಒದ್ದೆ ಎಲೆಗಳು ಬಿದ್ದಿದ್ದವು.

ಟ್ರಕ್ಕಿನ ಬಾಗಿಲು ಹಾಕಿ ಬಂದ ಪ್ರತಿಭಾ ಅಲ್ಲೇ ಬಗ್ಗಿ ಬಸಲಿಂಗಪ್ಪನವರ ಕಾಲು ಮುಟ್ಟಿ ನಮಸ್ಕರಿಸಿದಳು. ಅವಳ ಅಪ್ಪ ಹೋದಮೇಲೆ ಪ್ರತಿ ಹಬ್ಬಕ್ಕೂ ಹಾಗೆ ಮಾಡುತ್ತಿದ್ದಳು. ಅವರು ತಲೆಯ ಮೇಲೆ ಕೈಯಿಟ್ಟು ಉದ್ದಕ್ಕೆ ಹರಸುತ್ತಿದ್ದರು. ಈ ಸಲವೂ ಕೈಯಿಟ್ಟರು. ಒಳ್ಳೆಯದಾಗಲಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವರಿಗೆ ಭಯವಾಯಿತು. ತನ್ನ ಬಾಯಿಂದ ಈ ಮಗಳ ಬಗ್ಗೆ ಇನ್ನೊಂದು ಒಳ್ಳೆಯ ಮಾತು ಹೊರಗೆ ಬೀಳಬಾರದು ಎಂದು ಹಲ್ಲು ಕಚ್ಚಿಕೊಂಡರು. ಪ್ರತಿಭಾ ಬಗ್ಗಿಯೇ ಇದ್ದಳು. ಅವಳು ಕಾಯುತ್ತಿದ್ದುದು ಅವರಿಗೆ ತಿಳಿಯುತ್ತಿತ್ತು.

ಕೊನೆಗೆ ಮಲ್ಲಮ್ಮನೇ ಅವಳ ಭುಜ ಹಿಡಿದು ಎಬ್ಬಿಸಿ, "ಚಲೋ ಆಗಲಿ, ಹೋಗಿ ಬಾ ನನ್ನವ್ವಾ," ಎಂದರು. ಟ್ರಕ್ಕು ಹೆದ್ದಾರಿಯ ಕಡೆ ತಿರುಗಿತು. ಮಲ್ಲಮ್ಮ ಕಾರಿನ ಬಾಗಿಲು ತೆಗೆದು, ಬರ್ರಿ ಎಂದು ಕರೆದರು. ಬಸಲಿಂಗಪ್ಪನವರು ಇನ್ನೂ ಅಲ್ಲೇ ನಿಂತಿದ್ದರು, ಕೈ ಮುಂದಕ್ಕೆ ಚಾಚಿಯೇ ಇತ್ತು.